ಫ್ಲಾಪಿಯಿಂದ ಫ್ಲಾಪಿಗೆ: ಕಂಪ್ಯೂಟರ್ ವೈರಸ್‌ಗಳ ಆರಂಭಕಾಲ

ಕಂಪ್ಯೂಟರ್ ವೈರಸ್ ಮೂಲತಃ ಬೇರೆಲ್ಲ ಪ್ರೋಗ್ರಾಮ್‌ಗಳಂತೆಯೇ ಒಂದು ಪ್ರೋಗ್ರಾಮ್. ಪತ್ರ ಬರೆಯಲು, ಲೆಕ್ಕ ಇಡಲು ನೆರವಾಗುವ ತಂತ್ರಾಂಶಗಳ ಆದೇಶಗಳನ್ನು ಪಾಲಿಸುವ ಸಂಸ್ಕಾರಕವೇ ವೈರಸ್ಸಿನ ಆದೇಶಗಳನ್ನೂ ಪಾಲಿಸುತ್ತದೆ. ಇವೆರಡರ ನಡುವೆ ಭೇದ ಎಣಿಸುವ ಶಕ್ತಿ ಅದಕ್ಕಿಲ್ಲ. ವೈರಸ್ಸನ್ನು ವೈರಸ್ಸಾಗಿಸುವ ಗುಣ ಒಂದೇ: ಅದು ತಾನು ಓಡುವಾಗ ತನ್ನದೇ ನಕಲನ್ನು ಇನ್ನೊಂದು ಪ್ರೋಗ್ರಾಮಿನೊಳಗೋ ಡಿಸ್ಕಿನ ಮೇಲೋ ಬರೆದಿಡುತ್ತದೆ, ಮತ್ತು ಆ ನಕಲಿಗೂ ಅದೇ ಸಾಮರ್ಥ್ಯ ಇರುತ್ತದೆ. ಕಡತಗಳನ್ನು ಅಳಿಸುವುದು, ಪರದೆಯ ಮೇಲೆ ಸಂದೇಶ ಮೂಡಿಸುವುದು, ಯಂತ್ರವನ್ನು ನಿಧಾನಗೊಳಿಸುವುದು ಮೊದಲಾದ ಉಪದ್ರವಗಳು ಜೊತೆಗಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. 1970ರ ದಶಕದ ಆರಂಭದಿಂದ 1990ರ ದಶಕದ ಆರಂಭದವರೆಗಿನ ವೈರಸ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಯಾವುದು ಎಷ್ಟು ದೂರ ಹರಡಿತೆಂಬುದನ್ನು ತೀರ್ಮಾನಿಸಿದ್ದು ಬರೆದವರ ಚಾತುರ್ಯಕ್ಕಿಂತ ಹೆಚ್ಚಾಗಿ ಬಳಸುವವರ ರೂಢಿ ಎಂಬುದು ಸ್ಪಷ್ಟವಾಗುತ್ತದೆ. ಜನರು ತಮ್ಮತಮ್ಮಲ್ಲಿ ಏನನ್ನು ಹಂಚಿಕೊಳ್ಳುತ್ತಿದ್ದರೋ, ಯಾವ ದಾರಿಯಲ್ಲಿ ಹಂಚಿಕೊಳ್ಳುತ್ತಿದ್ದರೋ, ವೈರಸ್ ಕೂಡ ಅದರ ಮೇಲೇರಿ ಅದೇ ದಾರಿಯಲ್ಲಿ ಸಾಗಿತು.

ಕಲ್ಪನೆಯಿಂದ ಆಟಕ್ಕೆ

ತನ್ನನ್ನು ತಾನೇ ನಕಲಿಸಿಕೊಳ್ಳುವ ಯಂತ್ರ ತಾತ್ತ್ವಿಕವಾಗಿ ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1940ರ ದಶಕದ ಕೊನೆಯಲ್ಲಿಯೇ ಕೈಗೆತ್ತಿಕೊಂಡಿದ್ದರು. 1949ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ ಉಪನ್ಯಾಸಗಳು, ಅವರ ಮರಣಾನಂತರ ಆರ್ಥರ್ ಬರ್ಕ್ಸ್ ಅವರ ಸಂಪಾದಕತ್ವದಲ್ಲಿ 1966ರಲ್ಲಿ ಪುಸ್ತಕವಾಗಿ ಹೊರಬಂದ ಅವರ ಬರಹಗಳು, ಅಂತಹ ಯಂತ್ರ ಸಾಧ್ಯವೆಂದು ತರ್ಕಬದ್ಧವಾಗಿ ತೋರಿಸಿದವು. ಇದಕ್ಕಿಂತಲೂ ಹೆಚ್ಚು ಪರಿಣಾಮ ಬೀರಿದ್ದು ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಕಂಪ್ಯೂಟರಿನ ವಿನ್ಯಾಸ. ಆ ವಿನ್ಯಾಸದಲ್ಲಿ ದತ್ತಾಂಶಗಳೂ ಅವುಗಳ ಮೇಲೆ ಏನು ಮಾಡಬೇಕೆಂದು ತಿಳಿಸುವ ಆದೇಶಗಳೂ ಒಂದೇ ಮೆಮೊರಿಯಲ್ಲಿ, ಒಂದೇ ಬಗೆಯ ಅಂಕಿಗಳಾಗಿ ಕುಳಿತಿರುತ್ತವೆ. ಪ್ರೋಗ್ರಾಮ್ ಎಂಬುದು ಓಡುವ ವಸ್ತುವಾಗಿರುವಂತೆಯೇ ಓದಬಹುದಾದ, ನಕಲಿಸಬಹುದಾದ, ತಿದ್ದಬಹುದಾದ ವಸ್ತುವೂ ಆಗಿರುವುದರಿಂದಲೇ ಒಂದು ಪ್ರೋಗ್ರಾಮ್ ಇನ್ನೊಂದನ್ನು ಬರೆಯಲು ಸಾಧ್ಯವಾಗುತ್ತದೆ. ಇಂದಿನ ಎಲ್ಲ ತಂತ್ರಾಂಶೋದ್ಯಮ ನಿಂತಿರುವುದು ಈ ಅನುಕೂಲದ ಮೇಲೆ. ವೈರಸ್ ಹುಟ್ಟಿದ್ದೂ ಇದರಿಂದಲೇ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1961ರಲ್ಲಿ ವಿಕ್ಟರ್ ವಿಸಾಟ್ಸ್ಕಿ, ಡಗ್ಲಸ್ ಮೆಕ್‌ಇಲ್ರಾಯ್ ಮತ್ತು ರಾಬರ್ಟ್ ಮೋರಿಸ್ ಎಂಬ ಮೂವರು ಈ ಗುಣವನ್ನು ಆಟವಾಗಿಸಿದರು. ಐಬಿಎಂ 7090 ಕಂಪ್ಯೂಟರಿನ ಮೆಮೊರಿಯಲ್ಲಿ ಆಡುತ್ತಿದ್ದ ‘ಡಾರ್ವಿನ್’ ಎಂಬ ಆ ಆಟದಲ್ಲಿ ಒಬ್ಬೊಬ್ಬ ಆಟಗಾರನ ಪ್ರೋಗ್ರಾಮ್ ತನ್ನ ನಕಲುಗಳನ್ನು ಹೆಚ್ಚಿಸಿಕೊಳ್ಳುತ್ತ, ಎದುರಾಳಿಯ ನಕಲುಗಳನ್ನು ಹುಡುಕಿ ಅಳಿಸುತ್ತ ಹೋಗಬೇಕಿತ್ತು. ಮೋರಿಸ್ ಬರೆದ 44 ಆದೇಶಗಳ ಪ್ರೋಗ್ರಾಮನ್ನು ಸೋಲಿಸಲು ಯಾರಿಂದಲೂ ಆಗದೆ ಹೋದಾಗ ಆಟ ನಿಂತಿತು. ಈ ಕದನವೆಲ್ಲ ಒಂದೇ ಯಂತ್ರದೊಳಗೆ, ಆಟಕ್ಕೆಂದು ಬಿಟ್ಟುಕೊಟ್ಟ ಜಾಗದಲ್ಲಿ ನಡೆಯುತ್ತಿದ್ದುದರಿಂದ ಹೊರಗಿನವರಿಗೆ ಅದರ ಬಿಸಿ ತಟ್ಟಲಿಲ್ಲ.

ಯಂತ್ರದ ಗಡಿಯನ್ನು ಮೊದಲು ದಾಟಿದ್ದು 1971ರ ‘ಕ್ರೀಪರ್’. ಅಂತರಜಾಲದ ಪೂರ್ವಜವಾದ ಆರ್ಪಾನೆಟ್‌ನಲ್ಲಿ, ಬಿಬಿಎನ್ ಸಂಸ್ಥೆಯ ಬಾಬ್ ಥಾಮಸ್ ಬರೆದ ಈ ಪ್ರೋಗ್ರಾಮ್ ಟೆನೆಕ್ಸ್ ಕಾರ್ಯಾಚರಣ ವ್ಯವಸ್ಥೆಯಿದ್ದ ಪಿಡಿಪಿ-10 ಯಂತ್ರಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ತಾಕತ್ತಿದ್ದರೆ ತನ್ನನ್ನು ಹಿಡಿಯಿರಿ ಎಂಬರ್ಥದ ಸಾಲೊಂದನ್ನು ಮುದ್ರಿಸುತ್ತಿತ್ತು. ಅದರ ಮೊದಲ ರೂಪ ಹಳೆಯ ಯಂತ್ರದಿಂದ ತನ್ನನ್ನು ಅಳಿಸಿಕೊಂಡೇ ಮುಂದಕ್ಕೆ ಹೋಗುತ್ತಿತ್ತು. ಇಮೇಲ್‌ನ ಜನಕರೆಂದು ಹೆಸರಾದ ರೇ ಟಾಮ್ಲಿನ್‌ಸನ್ ಅದನ್ನು ತಿದ್ದಿ ಹೋದಲ್ಲೆಲ್ಲ ನಕಲು ಬಿಡುವಂತೆ ಮಾಡಿ, ಆ ನಕಲುಗಳನ್ನು ಹುಡುಕಿ ಅಳಿಸಲು ‘ರೀಪರ್’ ಎಂಬ ಇನ್ನೊಂದು ಪ್ರೋಗ್ರಾಮನ್ನೂ ಬರೆದರು. ಜಾಲದಲ್ಲಿ ಆಗ ಇದ್ದ ಅಂತಹ ಯಂತ್ರಗಳು ಬೆರಳೆಣಿಕೆಯಷ್ಟು, ಅವುಗಳ ಉಸ್ತುವಾರಿ ನೋಡುತ್ತಿದ್ದವರು ಒಬ್ಬರಿಗೊಬ್ಬರು ಪರಿಚಿತರು. ಹೀಗಾಗಿ ಕ್ರೀಪರ್ ಒಂದು ಪ್ರಯೋಗವಾಗಿ ಮುಗಿಯಿತು. ವೈರಸ್ ಪಿಡುಗಾಗಬೇಕಿದ್ದರೆ ಒಂದೇ ಮಾದರಿಯ ಯಂತ್ರಗಳು ಲಕ್ಷಗಟ್ಟಲೆ ಇರಬೇಕು, ಅವುಗಳ ನಡುವೆ ಏನಾದರೂ ಸದಾ ಓಡಾಡುತ್ತಿರಬೇಕು. ಈ ಎರಡನ್ನೂ ಒದಗಿಸಿದ್ದು ವೈಯಕ್ತಿಕ ಕಂಪ್ಯೂಟರ್ ಮತ್ತು ಫ್ಲಾಪಿ ಡಿಸ್ಕ್.

ಮೊದಲು ಓದುವ ತುಣುಕು

ಫ್ಲಾಪಿಯ ಮೂಲಕ ವೈರಸ್ ಹರಡಿದ ಬಗೆಯನ್ನು ಅರಿಯಲು ಕಂಪ್ಯೂಟರ್ ಎಚ್ಚರಗೊಳ್ಳುವ ಕ್ರಮವನ್ನು ತಿಳಿಯಬೇಕಾಗುತ್ತದೆ. ಆ ಕಾಲದ ಬಹುಪಾಲು ವೈಯಕ್ತಿಕ ಕಂಪ್ಯೂಟರ್‌ಗಳಲ್ಲಿ ಹಾರ್ಡ್‌ಡಿಸ್ಕ್ ಇರುತ್ತಿರಲಿಲ್ಲವಾದ್ದರಿಂದ ಕಾರ್ಯಾಚರಣ ವ್ಯವಸ್ಥೆಯನ್ನೇ ಫ್ಲಾಪಿಯಿಂದ ಓದಿಕೊಳ್ಳಬೇಕಿತ್ತು. ಐಬಿಎಂ ಪಿಸಿಯ ಸ್ವಿಚ್ ಹಾಕಿದೊಡನೆ ಅದರ ಶಾಶ್ವತ ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಮ್ ಎದ್ದು, ಡ್ರೈವ್‌ನಲ್ಲಿರುವ ಫ್ಲಾಪಿಯ ಮೊಟ್ಟಮೊದಲ 512 ಬೈಟ್‌ಗಳನ್ನು ಮೆಮೊರಿಗೆ ತಂದುಕೊಂಡು, ನಿಯಂತ್ರಣವನ್ನು ಆ ಬೈಟ್‌ಗಳ ಕೈಗೊಪ್ಪಿಸಿ ತಾನು ಹಿಂದೆ ಸರಿಯುತ್ತಿತ್ತು. ಈ ಮೊದಲ ತುಣುಕಿಗೆ ಬೂಟ್ ಸೆಕ್ಟರ್ ಎಂದು ಹೆಸರು. ಅಲ್ಲಿರುವ ಆದೇಶಗಳು ಎಲ್ಲಿಂದ ಬಂದವು, ಅವನ್ನು ಯಾರು ಬರೆದರು ಎಂದು ಯಂತ್ರ ವಿಚಾರಿಸುತ್ತಿರಲಿಲ್ಲ. ಅಲ್ಲಿಗೆ ಮೊದಲು ಸೇರಿಕೊಂಡವರಿಗೆ ಕಾರ್ಯಾಚರಣ ವ್ಯವಸ್ಥೆ ಏಳುವ ಮುನ್ನವೇ ಇಡೀ ಯಂತ್ರ ವಶವಾಗುತ್ತಿತ್ತು.

ಈ ಸಾಧ್ಯತೆಯನ್ನು ಆ್ಯಪಲ್-2 ಕಂಪ್ಯೂಟರಿನಲ್ಲಿ ಕಂಡುಕೊಂಡವನು ಪಿಟ್ಸ್‌ಬರ್ಗ್ ಬಳಿಯ 15 ವರ್ಷದ ಶಾಲಾ ವಿದ್ಯಾರ್ಥಿ ರಿಚ್ ಸ್ಕ್ರೆಂಟಾ. 1982ರಲ್ಲಿ ಅವನು ಬರೆದ ‘ಎಲ್ಕ್ ಕ್ಲೋನರ್’ ಸೋಂಕಿದ ಫ್ಲಾಪಿಯಿಂದ ಯಂತ್ರ ಎದ್ದಾಗ ಮೆಮೊರಿಯಲ್ಲಿ ಉಳಿದುಕೊಂಡು, ಆಮೇಲೆ ಡ್ರೈವ್‌ಗೆ ಬಂದ ಸೋಂಕಿಲ್ಲದ ಫ್ಲಾಪಿಗಳ ಮೇಲೆ ತನ್ನನ್ನು ಬರೆದುಕೊಳ್ಳುತ್ತಿತ್ತು. ಅದು ಮಾಡುತ್ತಿದ್ದ ಕೀಟಲೆಯೆಂದರೆ ಪ್ರತಿ ಐವತ್ತನೆಯ ಬಾರಿ ಯಂತ್ರ ಎಬ್ಬಿಸಿದಾಗ ತನ್ನನ್ನೇ ಹೊಗಳಿಕೊಳ್ಳುವ ಚಿಕ್ಕ ಪದ್ಯವೊಂದನ್ನು ಪರದೆಯ ಮೇಲೆ ತೋರಿಸುವುದು. ಗೆಳೆಯರು ಆಟದ ಫ್ಲಾಪಿಗಳನ್ನು ಪರಸ್ಪರ ಕೊಟ್ಟುಕೊಳ್ಳುವುದು ವಾಡಿಕೆಯಾಗಿದ್ದರಿಂದ, ಅದನ್ನು ಬರೆದವನ ಕೈಮೀರಿ ಹೊರಜಗತ್ತಿನಲ್ಲಿ ಹರಡಿದ ಮೊದಲ ವೈಯಕ್ತಿಕ ಕಂಪ್ಯೂಟರ್ ವೈರಸ್‌ಗಳ ಸಾಲಿನಲ್ಲಿ ಎಲ್ಕ್ ಕ್ಲೋನರ್ ನಿಂತಿತು.

ಕೊಹೆನ್‌ರ ಲೆಕ್ಕಾಚಾರ

ಇಲ್ಲಿಯವರೆಗೆ ಆಟವಾಗಿಯೂ ಕೀಟಲೆಯಾಗಿಯೂ ಇದ್ದ ವಿಷಯವನ್ನು ವಿಜ್ಞಾನದ ಚೌಕಟ್ಟಿಗೆ ತಂದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಫ್ರೆಡ್ ಕೊಹೆನ್. 1983ರ ನವೆಂಬರ್ 3ರಂದು ಒಂದು ವಿಚಾರಗೋಷ್ಠಿಗಾಗಿ ಹೊಳೆದ ಕಲ್ಪನೆಗೆ ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವರ ಗುರು ಲೆನ್ ಆ್ಯಡಲ್‌ಮನ್. ಎಂಟು ಗಂಟೆಗಳ ಪರಿಣತ ದುಡಿಮೆಯಲ್ಲಿ ಸಿದ್ಧವಾದ ವೈರಸ್ಸನ್ನು, ಯೂನಿಕ್ಸ್ ಕಡತಗಳ ರಚನೆಯನ್ನು ಚಿತ್ರರೂಪದಲ್ಲಿ ತೋರಿಸುವ ಉಪಯುಕ್ತ ಪ್ರೋಗ್ರಾಮ್ ಒಂದರ ಮೊದಲಿಗೆ ಅಂಟಿಸಿ, ವ್ಯಾಕ್ಸ್ 11/750 ಕಂಪ್ಯೂಟರಿನ ಬಳಕೆದಾರರಿಗೆ ಹೊಸ ಸೌಲಭ್ಯ ಬಂದಿದೆಯೆಂದು ತಿಳಿಸಲಾಯಿತು. ಅದನ್ನು ಓಡಿಸಿದವರ ಪ್ರೋಗ್ರಾಮ್‌ಗಳಿಗೆಲ್ಲ ಸೋಂಕು ತಗಲಿತು. ವ್ಯವಸ್ಥೆಯ ಮೇಲ್ವಿಚಾರಕರಲ್ಲಿ ಒಬ್ಬರು ಅಂತಹ ಒಂದನ್ನು ಓಡಿಸಿದೊಡನೆ ವೈರಸ್ಸಿಗೆ ಮೇಲ್ವಿಚಾರಕರ ಅಧಿಕಾರಗಳೂ ದಕ್ಕಿದವು. ಐದು ಬಾರಿ ನಡೆದ ಪ್ರಯೋಗಗಳಲ್ಲಿ ಐದರಲ್ಲೂ ಒಂದು ಗಂಟೆಯೊಳಗೆ, ಒಂದರಲ್ಲಿ ಐದು ನಿಮಿಷಗಳೊಳಗೆ, ಇಡೀ ವ್ಯವಸ್ಥೆ ಕೈವಶವಾಯಿತು. ಫಲಿತಾಂಶ ಕಂಡ ಆಡಳಿತಗಾರರು ಮುಂದಿನ ಪ್ರಯೋಗಗಳಿಗೆ ಅನುಮತಿ ನಿರಾಕರಿಸಿದರು.

ಈ ಪ್ರಯೋಗದಲ್ಲಿ ಯಾವ ಬೀಗವನ್ನೂ ಮುರಿಯಲಿಲ್ಲ, ಯಾವ ಗುಪ್ತಪದವನ್ನೂ ಕದಿಯಲಿಲ್ಲ ಎಂಬುದು ಗಮನಾರ್ಹ. ಪ್ರತಿ ಬಳಕೆದಾರನೂ ತನಗೆ ನ್ಯಾಯವಾಗಿ ಇದ್ದ ಅಧಿಕಾರವನ್ನಷ್ಟೇ ಬಳಸಿದ. ಆ ಅಧಿಕಾರದ ಮರೆಯಲ್ಲಿ ವೈರಸ್ ತನ್ನ ಕೆಲಸ ಮಾಡಿಕೊಂಡಿತು. 1984ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಕೊಹೆನ್ ತಲುಪಿದ ತೀರ್ಮಾನವೂ ಇದೇ ದಿಕ್ಕಿನದು. ಬಳಕೆದಾರರು ಮಾಹಿತಿಯನ್ನು ಹಂಚಿಕೊಳ್ಳಬಲ್ಲರಾದರೆ, ಹಂಚಿಕೊಂಡದ್ದನ್ನು ಪಡೆದವರು ಮೂರನೆಯವರಿಗೆ ದಾಟಿಸಬಲ್ಲರಾದರೆ, ಮತ್ತು ಯಾವ ಮಾಹಿತಿಯನ್ನಾದರೂ ಪ್ರೋಗ್ರಾಮ್ ಆಗಿ ಓಡಿಸಲು ಬರುವುದಾದರೆ, ಅಂತಹ ವ್ಯವಸ್ಥೆಯಲ್ಲಿ ವೈರಸ್ ತಲುಪಲಾಗದ ಮೂಲೆಯೇ ಇರುವುದಿಲ್ಲ. ಹೆಪ್ಪು ಬಿದ್ದ ಹಾಲು ಮೊಸರಾಗಿ ಮತ್ತೊಂದು ಪಾತ್ರೆಗೆ ತಾನೇ ಹೆಪ್ಪಾಗುವಂತೆ, ಸೋಂಕಿದ ಪ್ರೋಗ್ರಾಮ್ ಪ್ರತಿಯೊಂದೂ ಹೊಸ ಸೋಂಕಿನ ಮೂಲವಾಗುತ್ತದೆ. ಸರಪಳಿಯ ಮೊದಲ ಕೊಂಡಿಯನ್ನು ಕಿತ್ತುಹಾಕಿದರೂ ಉಳಿದದ್ದು ನಿಲ್ಲುವುದಿಲ್ಲ.

ಕೊಹೆನ್ ಸಾಧಿಸಿ ತೋರಿಸಿದ ಇನ್ನೊಂದು ಸಂಗತಿ ಇದಕ್ಕಿಂತ ನಿಷ್ಠುರವಾದದ್ದು: ಯಾವುದೇ ಪ್ರೋಗ್ರಾಮನ್ನು ಪರೀಕ್ಷಿಸಿ ಅದು ವೈರಸ್ ಹೌದೋ ಅಲ್ಲವೋ ಎಂದು ಎಂದಿಗೂ ತಪ್ಪದೆ ಹೇಳಬಲ್ಲ ಪತ್ತೆದಾರ ತಂತ್ರಾಂಶವನ್ನು ಬರೆಯುವುದು ಅಸಾಧ್ಯ. ಅವರ ವಾದ ಸರಳ. ಅಂತಹ ಪತ್ತೆದಾರವೊಂದು ಇದೆಯೆಂದು ಇಟ್ಟುಕೊಂಡು, ಅದನ್ನೇ ತನ್ನೊಳಗೆ ಸೇರಿಸಿಕೊಂಡ ಪ್ರೋಗ್ರಾಮ್ ಒಂದನ್ನು ಕಲ್ಪಿಸಿಕೊಳ್ಳಬಹುದು. ಆ ಪ್ರೋಗ್ರಾಮ್ ಮೊದಲು ತನ್ನ ಬಗ್ಗೆಯೇ ಪತ್ತೆದಾರದ ಅಭಿಪ್ರಾಯ ಕೇಳುತ್ತದೆ. ವೈರಸ್ ಎಂಬ ಉತ್ತರ ಬಂದರೆ ಹರಡದೆ ಸುಮ್ಮನಾಗುತ್ತದೆ, ವೈರಸ್ ಅಲ್ಲ ಎಂಬ ಉತ್ತರ ಬಂದರೆ ಹರಡಲು ತೊಡಗುತ್ತದೆ. ಪತ್ತೆದಾರ ಏನೇ ಹೇಳಿದರೂ ಅದು ಸುಳ್ಳಾಗುವುದರಿಂದ ಅಂತಹ ಪತ್ತೆದಾರ ಇರಲಾರದು. ವೈರಸ್ ವಿರುದ್ಧದ ರಕ್ಷಣೆ ಒಮ್ಮೆ ಬಗೆಹರಿಸಿ ಮುಗಿಸುವ ಸಮಸ್ಯೆಯಾಗದೆ ನಿತ್ಯದ ಕಾವಲಾಗಿಯೇ ಉಳಿಯಬೇಕೆಂಬುದು, ಪಿಸಿ ವೈರಸ್‌ಗಳ ಹಾವಳಿ ಆರಂಭವಾಗುವ ಮೊದಲೇ ಹೀಗೆ ಖಚಿತವಾಗಿತ್ತು.

ಲಾಹೋರಿನಿಂದ ಹೊರಟ ಬ್ರೈನ್

ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಪರಿಗಣಿತವಾಗಿರುವ ‘ಬ್ರೈನ್’ 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಹುಟ್ಟಿತು. ಅದನ್ನು ಬರೆದ ಬಾಸಿತ್ ಫಾರೂಕ್ ಆಲ್ವಿ ಮತ್ತು ಅಮ್ಜದ್ ಫಾರೂಕ್ ಆಲ್ವಿ ಸಹೋದರರು ಅಲ್ಲಿ ಕಂಪ್ಯೂಟರ್ ವ್ಯವಹಾರ ನಡೆಸುತ್ತಿದ್ದರು. ತಾವು ಸಿದ್ಧಪಡಿಸಿದ ವೈದ್ಯಕೀಯ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡುವವರ ಜಾಡು ಹಿಡಿಯಲು ಅದನ್ನು ರಚಿಸಿದ್ದಾಗಿ ಅವರು ನಂತರ ವಿವರಿಸಿದರು. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅವರು ಬರೆದಿಟ್ಟಿದ್ದರೆಂಬುದು, ಈ ಕೆಲಸವನ್ನು ಅಪರಾಧವೆಂದು ಭಾವಿಸುವ ರೂಢಿ ಆಗಿನ್ನೂ ಬಂದಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿದೆ.

ಬ್ರೈನ್‌ನ ಕೆಲಸವನ್ನು ಹತ್ತಿರದಿಂದ ನೋಡುವುದು ಉಪಯುಕ್ತ, ಏಕೆಂದರೆ ಮುಂದಿನ ಅನೇಕ ವೈರಸ್‌ಗಳ ತಂತ್ರಗಳು ಇದರಲ್ಲಿಯೇ ಕಾಣಿಸಿಕೊಂಡಿವೆ. ಅದು ಆಯ್ದುಕೊಂಡಿದ್ದು 360 ಕಿಲೋಬೈಟ್ ಸಾಮರ್ಥ್ಯದ ಐದೂಕಾಲು ಇಂಚಿನ ಫ್ಲಾಪಿಗಳನ್ನು ಮಾತ್ರ. ಹಾರ್ಡ್‌ಡಿಸ್ಕ್‌ಗಳ ತಂಟೆಗೆ ಅದು ಹೋಗುತ್ತಿರಲಿಲ್ಲ. ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ತನ್ನ ಆರಂಭಭಾಗವನ್ನು ಬರೆದು, ಅಲ್ಲಿದ್ದ ಮೂಲ ಸೆಕ್ಟರನ್ನೂ ತನ್ನ ಉಳಿದ ಭಾಗವನ್ನೂ ಡಿಸ್ಕಿನ ಬೇರೆಡೆ ಇಟ್ಟು, ಡಾಸ್ ಕಾರ್ಯಾಚರಣ ವ್ಯವಸ್ಥೆ ಆ ಜಾಗವನ್ನು ಮುಟ್ಟದಿರಲೆಂದು ಅದನ್ನು ಕೆಟ್ಟ ಸೆಕ್ಟರ್‌ಗಳೆಂದು ಗುರುತು ಹಾಕುತ್ತಿತ್ತು. ಮೆಮೊರಿಯ ಮೇಲ್ತುದಿಯಲ್ಲಿ ನೆಲೆಸಿ, ಡಿಸ್ಕ್ ಓದುವ ಎಲ್ಲ ಕೋರಿಕೆಗಳೂ ತನ್ನ ಮೂಲಕವೇ ಹಾದುಹೋಗುವಂತೆ ಮಾಡಿಕೊಳ್ಳುತ್ತಿದ್ದ ಅದು, ಯಾರಾದರೂ ಅನುಮಾನಗೊಂಡು ಬೂಟ್ ಸೆಕ್ಟರನ್ನು ಓದಹೊರಟರೆ ಬದಿಗಿಟ್ಟಿದ್ದ ಮೂಲ ಸೆಕ್ಟರನ್ನೇ ತಂದು ತೋರಿಸುತ್ತಿತ್ತು. ಇಂತಹ ಮರೆಮಾಚುವಿಕೆಯನ್ನು ಅಳವಡಿಸಿಕೊಂಡ ಮೊದಲ ಪಿಸಿ ವೈರಸ್ ಇದೇ. ಹೀಗಿದ್ದೂ ಕುರುಹುಗಳು ಉಳಿಯುತ್ತಿದ್ದವು. ಡಾಸ್‌ನ ಚೆಕ್‌ಡಿಸ್ಕ್ ಆದೇಶ ಕೊಟ್ಟರೆ 3,072 ಬೈಟ್‌ಗಳು ಕೆಟ್ಟ ಸೆಕ್ಟರ್‌ಗಳಲ್ಲಿವೆ ಎಂಬ ಸಾಲು ಕಾಣುತ್ತಿತ್ತು. 640 ಕಿಲೋಬೈಟ್ ಮೆಮೊರಿಯ ಯಂತ್ರದಲ್ಲಿ 6,55,360 ಎಂದು ತೋರಿಸಬೇಕಾದ ಒಟ್ಟು ಮೆಮೊರಿ ಕಡಿಮೆಯಾಗಿರುತ್ತಿತ್ತು. ಫ್ಲಾಪಿಯ ಹೆಸರಿನ ಜಾಗದಲ್ಲಿ ಬ್ರೈನ್ ಎಂಬ ಪದ ಬಂದು ಕೂರುತ್ತಿತ್ತು.

ಲಾಹೋರಿನ ಫ್ಲಾಪಿಗಳಿಂದ ಹೊರಟ ಈ ವೈರಸ್ 1987ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪತ್ತೆಯಾಯಿತು. ಯಾವ ಜಾಲದ ನೆರವೂ ಇಲ್ಲದೆ ಖಂಡಗಳನ್ನು ದಾಟಲು ಅದಕ್ಕೆ ಬೇಕಾದದ್ದು ಪ್ರಯಾಣಿಕರ ಚೀಲ ಮತ್ತು ಅಂಚೆಯ ಲಕೋಟೆ ಮಾತ್ರ. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೊಠಡಿಗಳಲ್ಲಿ ದಿನವಿಡೀ ಒಬ್ಬರಾದ ಮೇಲೊಬ್ಬರು ಅದೇ ಯಂತ್ರದ ಮುಂದೆ ಕುಳಿತು ತಮ್ಮ ಫ್ಲಾಪಿಗಳನ್ನು ಬಳಸುತ್ತಿದ್ದರು. ಹಿಂದಿನವರು ಬಿಟ್ಟುಹೋದ ವೈರಸ್ ಯಂತ್ರ ಆರಿಸುವವರೆಗೂ ಮೆಮೊರಿಯಲ್ಲಿ ಉಳಿದಿರುತ್ತಿತ್ತಾದ್ದರಿಂದ, ಮುಂದೆ ಬಂದವರ ಫ್ಲಾಪಿಗಳು ಒಂದೊಂದಾಗಿ ಸೋಂಕಿಗೆ ಒಳಗಾಗುತ್ತಿದ್ದವು. ಆರಂಭಕಾಲದ ವೈರಸ್‌ಗಳ ಇತಿಹಾಸದಲ್ಲಿ ವಿಶ್ವವಿದ್ಯಾಲಯಗಳ ಹೆಸರುಗಳು ಮತ್ತೆ ಮತ್ತೆ ಎದುರಾಗುವುದಕ್ಕೆ ಈ ಕೊಠಡಿಗಳೇ ಕಾರಣ.

ಬೇಗ ಕೊಂದದ್ದು ಬೇಗ ಅಳಿಯಿತು

1987ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಕಾಣಿಸಿಕೊಂಡ ವೈರಸ್ ಬೂಟ್ ಸೆಕ್ಟರನ್ನು ಬಿಟ್ಟು, ಡಾಸ್‌ನ ಆದೇಶಗಳನ್ನು ಸ್ವೀಕರಿಸುವ ಕಮಾಂಡ್.ಕಾಮ್ ಎಂಬ ಕಡತವನ್ನು ಆಶ್ರಯಿಸಿತ್ತು. ಆ ಕಡತದೊಳಗೆ ಖಾಲಿಯಿದ್ದ ಜಾಗದಲ್ಲಿಯೇ ಅಡಗಿದ್ದರಿಂದ ಕಡತದ ಗಾತ್ರ ಬದಲಾಗುತ್ತಿರಲಿಲ್ಲ. ಆದರೆ ನಾಲ್ಕು ನಕಲುಗಳನ್ನು ಮಾಡಿದೊಡನೆ ಅದು ಡಿಸ್ಕಿನ ಮಾಹಿತಿಯನ್ನು ನಾಶಪಡಿಸುತ್ತಿತ್ತು. ಇಷ್ಟು ಬೇಗ ಹಾನಿ ಮಾಡುವ ವೈರಸ್ ತನ್ನ ಇರವನ್ನೂ ಅಷ್ಟೇ ಬೇಗ ಸಾರಿಬಿಡುತ್ತದೆ, ಜೊತೆಗೆ ತನ್ನನ್ನು ಹೊತ್ತೊಯ್ಯಬೇಕಾದ ಡಿಸ್ಕನ್ನೂ ಕೆಡಿಸುತ್ತದೆ. ಹಾಗಾಗಿ ಲೀಹೈ ವೈರಸ್ ವಿಶ್ವವಿದ್ಯಾಲಯದ ಆವರಣದಾಚೆ ಹೆಚ್ಚು ಹರಡದೆ ಅಳಿಯಿತು. ಆಶ್ರಯ ಕೊಟ್ಟವರನ್ನು ತ್ವರಿತವಾಗಿ ಕೊಲ್ಲುವ ರೋಗಾಣು ದೂರ ಹರಡಲಾರದು ಎಂಬ ಸಾಂಕ್ರಾಮಿಕ ರೋಗಶಾಸ್ತ್ರದ ತಿಳಿವಳಿಕೆ ಇಲ್ಲಿಯೂ ಅನ್ವಯಿಸಿತು.

ಇದಕ್ಕೆ ಪ್ರತಿಯಾಗಿ, ಅದೇ ವರ್ಷ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪತ್ತೆಯಾದ ವೈರಸ್ ಹಾನಿಯನ್ನು ಮುಂದಕ್ಕೆ ಹಾಕುತ್ತಿತ್ತು. 13ನೆಯ ತಾರೀಖು ಶುಕ್ರವಾರ ಬಿದ್ದ ದಿನ ಓಡಿಸಿದ ಪ್ರೋಗ್ರಾಮ್‌ಗಳನ್ನೆಲ್ಲ ಅಳಿಸುವಂತೆ ಬರೆಯಲಾಗಿದ್ದ ಅದು 1987ನೆಯ ವರ್ಷವನ್ನು ಬಿಟ್ಟುಕೊಟ್ಟಿದ್ದರಿಂದ, ಅದರ ಮೊದಲ ಗಡುವು 1988ರ ಮೇ 13ಕ್ಕೆ ಬರುತ್ತಿತ್ತು. ಆದರೆ ತಾನು ಈಗಾಗಲೇ ಸೋಂಕಿಸಿದ ಒಂದು ಬಗೆಯ ಕಡತಗಳನ್ನು ಗುರುತಿಸದೆ ಮತ್ತೆ ಮತ್ತೆ ಸೋಂಕಿಸುವ ದೋಷ ಅದರಲ್ಲಿತ್ತು. ಪ್ರತಿ ಬಾರಿಯೂ ಸುಮಾರು 1,800 ಬೈಟ್‌ಗಳಷ್ಟು ಬೆಳೆಯುತ್ತ ಹೋದ ಕಡತಗಳು ಗಡುವಿಗೆ ಮುನ್ನವೇ ಅದನ್ನು ಬಯಲಿಗೆಳೆದವು. ದೋಷವಿದ್ದರೂ ಅದು ಹಲವು ವರ್ಷ ಉಳಿದು ಹತ್ತಾರು ರೂಪಾಂತರಗಳಿಗೆ ಮೂಲವಾಯಿತು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಿಂದ ಹೊರಟ ‘ಸ್ಟೋನ್ಡ್’ ಎಂಟರಲ್ಲಿ ಒಂದು ಬಾರಿಯಂತೆ ಪರದೆಯ ಮೇಲೆ ತಮಾಷೆಯ ಸಾಲೊಂದನ್ನು ತೋರಿಸುವುದರಲ್ಲಿಯೇ ತೃಪ್ತವಾಗಿದ್ದು, ಫ್ಲಾಪಿಯ ಜೊತೆಗೆ ಹಾರ್ಡ್‌ಡಿಸ್ಕಿನ ಮೊದಲ ಸೆಕ್ಟರಿನಲ್ಲೂ ಮನೆ ಮಾಡಿ, ಆ ಕಾಲದ ಅತ್ಯಂತ ವ್ಯಾಪಕ ವೈರಸ್‌ಗಳಲ್ಲಿ ಒಂದಾಯಿತು. ಭಾರತದಿಂದ 1990ರಲ್ಲಿ ವರದಿಯಾದ ‘ಜೋಶಿ’ ಕೂಡ ಇದೇ ಜಾತಿಯದು. ವರ್ಷಕ್ಕೊಮ್ಮೆ, ಜನವರಿ 5ರಂದು, ಯಂತ್ರವನ್ನು ಸ್ತಬ್ಧಗೊಳಿಸಿ ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಕೀಲಿಸುವಂತೆ ಅದು ಕೇಳುತ್ತಿತ್ತು. ಹಾಗೆ ಕೀಲಿಸಿದರೆ ಯಂತ್ರ ಎಂದಿನಂತೆ ಕೆಲಸಕ್ಕೆ ಮರಳುತ್ತಿತ್ತು. ಉಳಿದ 364 ದಿನಗಳ ಮೌನವೇ ಅದು ಹರಡಲು ಅನುಕೂಲ ಮಾಡಿಕೊಟ್ಟಿತು.

ಜಾಲ ಕೊಟ್ಟ ವೇಗ

ಫ್ಲಾಪಿ ತಿಂಗಳುಗಳಲ್ಲಿ ಮಾಡುತ್ತಿದ್ದುದನ್ನು ಜಾಲ ಗಂಟೆಗಳಲ್ಲಿ ಮಾಡಬಲ್ಲದು ಎಂಬುದು 1987ರ ಡಿಸೆಂಬರ್‌ನಲ್ಲಿ ಮೊದಲು ಅರಿವಿಗೆ ಬಂತು. ಪಶ್ಚಿಮ ಜರ್ಮನಿಯ ಕ್ಲೌಸ್ತಾಲ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಬರೆದ ಕ್ರಿಸ್‌ಮಸ್ ಶುಭಾಶಯದ ಪ್ರೋಗ್ರಾಮ್, ಓಡಿಸಿದವರ ಪರದೆಯ ಮೇಲೆ ಕ್ರಿಸ್‌ಮಸ್ ಮರದ ಚಿತ್ರ ಬಿಡಿಸುತ್ತಲೇ ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ನಕಲನ್ನು ರವಾನಿಸಿ, ವಿಶ್ವವಿದ್ಯಾಲಯಗಳ ಜಾಲಗಳನ್ನೂ ಐಬಿಎಂನ ಆಂತರಿಕ ಜಾಲವನ್ನೂ ಸಂದೇಶಗಳಿಂದ ಕಟ್ಟಿಹಾಕಿತು. ಪರಿಚಿತರಿಂದ ಬಂದದ್ದೆಂಬ ಕಾರಣಕ್ಕೇ ಜನ ಅದನ್ನು ಓಡಿಸಿದ್ದರು.

ಜನರ ನೆರವೇ ಬೇಡವಾದ ಪ್ರೋಗ್ರಾಮ್ 1988ರ ನವೆಂಬರ್ 2ರಂದು ಅಂತರಜಾಲಕ್ಕೆ ಬಂತು. ಇನ್ನೊಂದು ಪ್ರೋಗ್ರಾಮಿಗೆ ಅಂಟಿಕೊಳ್ಳದೆ ಸ್ವತಂತ್ರವಾಗಿ ಜಾಲದಲ್ಲಿ ಹರಡುವ ಇಂತಹ ಕುತಂತ್ರಾಂಶವನ್ನು ವರ್ಮ್, ಅಂದರೆ ಹುಳು, ಎಂದು ಕರೆಯುತ್ತಾರೆ. ಇದನ್ನು ಬರೆದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮೋರಿಸ್, ಬೆಲ್ ಪ್ರಯೋಗಾಲಯದಲ್ಲಿ ಡಾರ್ವಿನ್ ಆಟ ಆಡಿದ್ದ ಮೋರಿಸ್‌ರ ಮಗ. ತಂದೆ ಆ ವೇಳೆಗೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಸುರಕ್ಷತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದರು. ವ್ಯಾಕ್ಸ್ ಮತ್ತು ಸನ್-3 ಯಂತ್ರಗಳ ಬರ್ಕ್ಲಿ ಯೂನಿಕ್ಸ್‌ಗೆ ನುಗ್ಗಲು ಹುಳು ಹಲವು ದಾರಿಗಳನ್ನು ಪ್ರಯತ್ನಿಸುತ್ತಿತ್ತು. ಅಂಚೆ ರವಾನಿಸುವ ಸೆಂಡ್‌ಮೇಲ್‌ನಲ್ಲಿ ದೋಷನಿವಾರಣೆಗೆಂದು ತೆರೆದಿಟ್ಟಿದ್ದ ಸೌಲಭ್ಯ ಒಂದು ದಾರಿ. ಬಳಕೆದಾರರ ವಿವರ ಕೊಡುವ ಫಿಂಗರ್ ಸೇವೆ ಬಂದ ಕೋರಿಕೆಯ ಉದ್ದವನ್ನು ಅಳೆಯದೆಯೇ 512 ಬೈಟ್‌ಗಳ ಜಾಗದಲ್ಲಿ ತುಂಬಿಕೊಳ್ಳುತ್ತಿದ್ದುದು ಇನ್ನೊಂದು. ಅಲ್ಲಿಗೆ 536 ಬೈಟ್‌ಗಳನ್ನು ಕಳುಹಿಸಿದರೆ ಉಕ್ಕಿ ಹರಿದ ಭಾಗ ಪಕ್ಕದ ಮೆಮೊರಿಯನ್ನು ತುಳಿದು, ಹುಳುವಿನ ಆದೇಶಗಳೇ ಓಡುವಂತೆ ಮಾಡುತ್ತಿತ್ತು. ಇವಲ್ಲದೆ 432 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಗುಪ್ತಪದಗಳನ್ನು ಊಹಿಸುವುದು, ಪರಸ್ಪರ ನಂಬಿಕೆಯ ಯಂತ್ರಗಳ ನಡುವೆ ಗುಪ್ತಪದವಿಲ್ಲದೆ ದಾಟುವುದು ಕೂಡ ಅದಕ್ಕೆ ತಿಳಿದಿತ್ತು.

ಹುಳುವಿನ ಉದ್ದೇಶ ಹಾನಿ ಮಾಡುವುದಾಗಿರಲಿಲ್ಲ. ಅದು ಕಡತಗಳನ್ನು ಅಳಿಸಲೂ ಇಲ್ಲ. ಯಂತ್ರದಲ್ಲಿ ಈಗಾಗಲೇ ತನ್ನ ನಕಲಿದೆಯೇ ಎಂದು ಅದು ವಿಚಾರಿಸುತ್ತಿತ್ತಾದರೂ, ಸುಳ್ಳು ಉತ್ತರ ಕೊಟ್ಟು ತನ್ನನ್ನು ತಡೆಯಲು ಯಾರಿಗೂ ಸಾಧ್ಯವಾಗದಿರಲೆಂದು ಏಳರಲ್ಲಿ ಒಂದು ಬಾರಿ ಉತ್ತರವನ್ನು ಲೆಕ್ಕಿಸದೆ ನೆಲೆಸುವಂತೆ ಮೋರಿಸ್ ಬರೆದಿದ್ದ. ಜಾಲದ ವೇಗಕ್ಕೆ ಆ ಒಂದು ಪಾಲೂ ವಿಪರೀತವಾಯಿತು. ಒಂದೇ ಯಂತ್ರದಲ್ಲಿ ನಕಲುಗಳ ಮೇಲೆ ನಕಲುಗಳು ಓಡತೊಡಗಿ ಬೇರಾವ ಕೆಲಸಕ್ಕೂ ಸಂಸ್ಕಾರಕಕ್ಕೆ ಬಿಡುವಿಲ್ಲದಂತಾಯಿತು. ಸುಮಾರು 60,000 ಯಂತ್ರಗಳಿದ್ದ ಅಂದಿನ ಅಂತರಜಾಲದಲ್ಲಿ ಸುಮಾರು 6,000 ಯಂತ್ರಗಳು ಸೋಂಕಿಗೀಡಾದವೆಂಬುದು ಆಗ ಪ್ರಚಾರಕ್ಕೆ ಬಂದ ಅಂದಾಜು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂತಹ ತುರ್ತುಸ್ಥಿತಿಗಳನ್ನು ನಿಭಾಯಿಸುವ ಸರ್ಟ್ ಎಂಬ ಸಮನ್ವಯ ಕೇಂದ್ರ ಸ್ಥಾಪನೆಯಾಯಿತು. 1986ರ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ದೋಷಿಯೆಂದು ಸಾಬೀತಾದ ಮೋರಿಸ್‌ಗೆ 1990ರಲ್ಲಿ ಮೂರು ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಲಾಯಿತು.

ಕಾವಲು ಮತ್ತು ವೇಷ

ವೈರಸ್ ನಿರೋಧಕ ತಂತ್ರಾಂಶಗಳು ಆರಂಭದಲ್ಲಿ ಅನುಸರಿಸಿದ ಮುಖ್ಯ ವಿಧಾನ ಸಹಿ ಹುಡುಕುವುದು, ಅಂದರೆ ಗೊತ್ತಿರುವ ವೈರಸ್ ಒಂದರಲ್ಲಿ ಮಾತ್ರ ಕಾಣುವ ಬೈಟ್‌ಗಳ ಸಾಲನ್ನು ಪ್ರತಿ ಕಡತದಲ್ಲೂ ಅರಸುವುದು. ಪರದೆಯ ಅಕ್ಷರಗಳನ್ನು ಕೆಳಕ್ಕೆ ಉದುರಿಸುತ್ತಿದ್ದ ‘ಕ್ಯಾಸ್ಕೇಡ್’ 1987ರಷ್ಟು ಹಿಂದೆಯೇ ತನ್ನ ಬಹುಭಾಗವನ್ನು ಗೂಢಲಿಪಿಯಲ್ಲಿ ಇಟ್ಟುಕೊಂಡಿತ್ತಾದರೂ, ಗೂಢಲಿಪಿ ಬಿಡಿಸುವ ತುಣುಕು ಸದಾ ಒಂದೇ ಆಗಿದ್ದರಿಂದ ಸಹಿ ಸಿಗುತ್ತಿತ್ತು. 1990ರಲ್ಲಿ ಮಾರ್ಕ್ ವಾಷ್‌ಬರ್ನ್ ಬರೆದ, ತನ್ನ ಗಾತ್ರದಿಂದಲೇ ‘1260’ ಎಂದು ಹೆಸರಾದ ವೈರಸ್ ಆ ತುಣುಕನ್ನೂ ಪ್ರತಿ ನಕಲಿನಲ್ಲಿ ಬದಲಾಯಿಸಿತು. ಬಲ್ಗೇರಿಯಾದ ‘ಡಾರ್ಕ್ ಅವೆಂಜರ್’ ಎಂಬ ಗುಪ್ತನಾಮದ ಲೇಖಕ ಸ್ವಲ್ಪ ಕಾಲದಲ್ಲಿಯೇ ಯಾವ ವೈರಸ್ಸಿಗಾದರೂ ಇಂತಹ ವೇಷ ತೊಡಿಸಬಲ್ಲ ಸಿದ್ಧ ಉಪಕರಣವನ್ನೇ ಹೊರತಂದ. ಕಾವಲುಗಾರರು ಸಹಿಯ ಜೊತೆಗೆ ವರ್ತನೆಯನ್ನೂ ಗಮನಿಸುವ, ಕಡತಗಳ ಮೊತ್ತಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡು ಹೋಲಿಸುವ ವಿಧಾನಗಳತ್ತ ಹೊರಳಬೇಕಾಯಿತು. ಪರಿಪೂರ್ಣ ಪತ್ತೆದಾರ ಇರಲಾರದೆಂಬ ಕೊಹೆನ್‌ರ ಪ್ರಮೇಯ ಹೀಗೆ ನಿತ್ಯದ ಅನುಭವವಾಯಿತು.

ಆದರೆ ಬೂಟ್ ಸೆಕ್ಟರ್ ವೈರಸ್‌ಗಳ ಸಂತತಿಯನ್ನು ಕೊನೆಗಾಣಿಸಿದ್ದು ಈ ಯಾವ ತಂತ್ರಾಂಶವೂ ಅಲ್ಲ. ಯಂತ್ರಗಳು ಹಾರ್ಡ್‌ಡಿಸ್ಕಿನಿಂದಲೇ ಏಳತೊಡಗಿ, ಜನ ಫ್ಲಾಪಿಯನ್ನು ಕೈಬಿಡುತ್ತ ಬಂದಂತೆ ಅವು ತಾವಾಗಿಯೇ ತೆರೆಮರೆಗೆ ಸರಿದವು. ಅದೇ ಹೊತ್ತಿಗೆ ಕಚೇರಿಗಳಲ್ಲಿ ಫ್ಲಾಪಿಗಳ ಬದಲು ವರ್ಡ್ ದಸ್ತಾವೇಜುಗಳು ಕೈಯಿಂದ ಕೈಗೆ ಹೋಗತೊಡಗಿದ್ದವು, ಮತ್ತು ಆ ದಸ್ತಾವೇಜುಗಳೊಳಗೆ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಮ್‌ಗಳನ್ನು ಇಡುವ ಸೌಲಭ್ಯ ಬಂದಿತ್ತು. 1995ರಲ್ಲಿ ಕಾಣಿಸಿಕೊಂಡ ‘ಕಾನ್ಸೆಪ್ಟ್’ ವೈರಸ್ ಆ ಸೌಲಭ್ಯವನ್ನೇ ವಾಹನವಾಗಿಸಿಕೊಂಡಿತು. ಹಂಚಿಕೆ, ದಾಟಿಸುವಿಕೆ, ಮಾಹಿತಿಯೇ ಪ್ರೋಗ್ರಾಮ್ ಆಗಬಲ್ಲ ಗುಣ ಎಂಬ ಮೂರೂ ಹೊಸ ಜಾಗದಲ್ಲಿ ಒಟ್ಟಾಗಿದ್ದವು. ಕೊಹೆನ್ ಹೇಳಿದ ಈ ಮೂರರಲ್ಲಿ ಒಂದನ್ನು ಬಿಟ್ಟುಕೊಟ್ಟರೆ ವೈರಸ್ ತಡೆಯಬಹುದು. ಆದರೆ ಕಂಪ್ಯೂಟರನ್ನು ಉಪಯುಕ್ತವಾಗಿಸಿರುವುದೂ ಆ ಮೂರೇ ಆದ್ದರಿಂದ, ಬಿಟ್ಟುಕೊಡುವ ಬೆಲೆಗಿಂತ ಕಾವಲಿನ ಖರ್ಚೇ ಮೇಲೆಂದು ಜಗತ್ತು ಒಪ್ಪಿಕೊಂಡಿದೆ.